ಕುದುರೆ ಕಾರಂಜಿಯ ಹತ್ತಿರ ಒಂದು ತಾಸು

ಮೊನ್ನೆ ಅಟ್ಲಾಂಟಾಗೆ ಹೊರಡುವ ಮುಂಚೆ ಕ್ಲಾಸೆಟ್ಟಿನಿಂದ ಚಿಕ್ಕ ಸೂಟ್‌ಕೇಸ್ ಇಳಿಸಿ ಹೊರಗಿನ ಜಿಪ್ ಎಳೆದೆ. ಗುರೆಳ್ಳು ಚಟ್ನಿಪುಡಿಯ ವಾಸನೆ ಘಮ್ಮೆಂದಿತು. ಕೈ ಹಾಕಿ ತಡಕಿದರೆ ಪುಡಿಯೂ ಇಲ್ಲ, ಪೊಟ್ಟಣವೂ ಇಲ್ಲ. ಒಳಗಿನ ಬಟ್ಟೆಗೆ ಅಂಟಿದ ಒಂದು ಎಣ್ಣೆ ಕಲೆ ಮಾತ್ರ. ಇಷ್ಟು ದಿನ ಮುಚ್ಚಿಟ್ಟಿದ್ದ ಜೇಬಿನಲ್ಲಿ ವಾಸನೆ ಅದು ಹೇಗೆ ಉಳಿದಿತ್ತೋ... ಏನು ತುಂಬಲು ಜಿಪ್ ತೆಗೆದೆ ಎನ್ನುವುದೇ ಮರೆತುಹೋಗಿ ನೆಲದ ಮೇಲೆ ಕುಳಿತುಬಿಟ್ಟೆ. ಆ ಪುಡಿ ಕಟ್ಟಿಕೊಟ್ಟವರು ಪಕ್ಕದ ಮನೆಯ ಆಂಟಿ.

ಕೊರೊನಾ ಶುರುವಾದ ವರ್ಷವೇ ನಾವು ಗೈದರ್ಸ್‌ಬರ್ಗಿನ ಈ ಟೌನ್‌ಹೌಸಿಗೆ ಬಂದದ್ದು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯಾಚೆಯಿಂದ ದಿನಾ ಟಪಟಪ ಸದ್ದು ಬರುತ್ತಿತ್ತು. ಯಾರೋ ಮನೆ ರಿಪೇರಿ ಮಾಡಿಸುತ್ತಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಆಂಟಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಧಾರವಾಡದ ಕಡೆಯವರು. ಅವರ ಯಜಮಾನರು ಇಲ್ಲಿಯ ಸರ್ಕಾರಿ ಲ್ಯಾಬ್ ಒಂದರಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ನಾವು ಬರುವ ಕೆಲವು ತಿಂಗಳ ಹಿಂದಷ್ಟೇ ಹೃದಯಾಘಾತದಿಂದ ತೀರಿಹೋಗಿದ್ದರು. ಹಾಗಾಗಿ ಅಂಕಲ್ಲನ್ನು ನಾನು ನೋಡಿದ್ದು ಹಾಲಿನ ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ. ಒಬ್ಬಳೇ ಮಗಳು ನಾರ್ತ್ ಕ್ಯಾರೊಲೈನಾದ ಏಪೆಕ್ಸ್‌ನಲ್ಲಿ ಇದ್ದಳು. ಬಾ ಅಮ್ಮ ಎಂದರೂ ಆಂಟಿ ಈ ಮನೆ ಬಿಟ್ಟು ಕದಲಲಿಲ್ಲ.

ಅವರದು ಎದುರಿಗೇ ಹೇಳಿಬಿಡುವ ಸ್ವಭಾವ. ನನ್ನ ಅಡುಗೆ ರುಚಿ ನೋಡಿ, 'ತಂಗಿ, ನಿಮ್ಮ ಮೈಸೂರವ್ರ ಸಾರಿನಾಗ ಬೆಲ್ಲ ಹುಡುಕಬೇಕೋ ಖಾರ ಹುಡುಕಬೇಕೋ?' ಎಂದು ಕೇಳಿದವರು. ಮಾಸ್ಕ್ ಹಾಕಿಕೊಂಡು ಇಬ್ಬರೂ ಸಂಜೆ ಕೆರೆಯ ಸುತ್ತ ನಡೆಯುತ್ತಿದ್ದೆವು. ಇಬ್ಬರ ಮಧ್ಯೆ ಇನ್ನೊಬ್ಬರು ನಡೆಯುವಷ್ಟು ಜಾಗ ಬಿಟ್ಟು, ಜೋರಾಗಿ ಮಾತಾಡುತ್ತಾ. ಅಂಕಲ್ ಬಗ್ಗೆ ಎಷ್ಟೊಂದು ಹೇಳಿದರು! ಅವರು ಹಿಮ ತೆಗೆಯುವ ರೀತಿ, ಕಾಫಿಗೆ ಉಪ್ಪು ಹಾಕಿಕೊಂಡು ತೆಪ್ಪಗೆ ಕುಡಿದ ದಿನ, ಮಗಳ ಮದುವೆಯಲ್ಲಿ ಅತ್ತದ್ದು. ನಾನು ನೋಡದ ಆ ಮನುಷ್ಯನ ಗುರುತು ನನಗೆ ಎಷ್ಟು ಚೆನ್ನಾಗಿ ಸಿಕ್ಕಿತ್ತೆಂದರೆ, ದಾರಿಯಲ್ಲಿ ಎದುರಾಗಿದ್ದರೆ ನಮಸ್ಕಾರ ಹೇಳುತ್ತಿದ್ದೆನೋ ಏನೋ. ಒಂದು ವಿಷಯ ಮಾತ್ರ ಮೂರು ವರ್ಷ ಅವರ ಬಾಯಿಂದ ಬರಲಿಲ್ಲ.

ಅದು ಹೊರಬಂದದ್ದು ನನ್ನ ಗಂಡನಿಗೆ ಮ್ಯೂನಿಕ್‌ನಲ್ಲಿ ಮೀಟಿಂಗ್ ಇದೆ, ನಾನೂ ಹೋಗುತ್ತಿದ್ದೇನೆ, ಒಂದು ದಿನ ಟ್ರೇನಿನಲ್ಲಿ ಸಾಲ್ಜ್‌ಬರ್ಗಿಗೂ ಹೋಗಿಬರುತ್ತೇವೆ ಎಂದು ಹೇಳಿದ ದಿನ. ಆಲ್ಪ್ಸ್ ಬೆಟ್ಟಗಳ ತಪ್ಪಲಿನಲ್ಲಿರುವ ಹಳೆಯ ಊರಂತೆ, ಗುಮ್ಮಟದ ಚರ್ಚುಗಳಂತೆ, ಗುಡ್ಡದ ಮೇಲೆ ಕೋಟೆಯಂತೆ ಎಂದು ನಾನು ಯೂಟ್ಯೂಬಿನಲ್ಲಿ ನೋಡಿದ್ದನ್ನೆಲ್ಲ ಒಪ್ಪಿಸುತ್ತಿದ್ದೆ. ಆಂಟಿ ನಡೆಯುತ್ತಿದ್ದವರು ನಿಂತರು.

'ಆ ಊರಾಗ ನನ್ನ ಒಂದು ತಾಸು ಕಳದೈತಿ ತಂಗಿ,' ಅಂದರು.

ಕೊರೊನಾಕ್ಕೆ ಮುಂಚಿನ ಬೇಸಿಗೆಯಲ್ಲಿ ಮಗಳು ಇಬ್ಬರನ್ನೂ ಯುರೋಪಿನ ಬಸ್ ಟೂರಿಗೆ ಕಳಿಸಿದ್ದಳಂತೆ. ನಮ್ಮವರಿಗೆಂದೇ ಇರುವ ಟೂರು, ರಾತ್ರಿಗೆ ಅನ್ನ ಸಾರು ಗ್ಯಾರಂಟಿ. ಆದರೂ ಆಂಟಿ ನಂಬಬೇಕಲ್ಲ? ಒಣ ರೊಟ್ಟಿ, ಚಟ್ನಿಪುಡಿ ಎಲ್ಲ ಕಟ್ಟಿಕೊಂಡೇ ಹೋಗಿದ್ದರು. ಸಾಲ್ಜ್‌ಬರ್ಗಿನಲ್ಲಿ ಗೈಡ್ ಮೈಕಿನಲ್ಲಿ, ಸುತ್ತಾಡಿಕೊಂಡು ಬನ್ನಿ, ಯಾರಾದರೂ ತಪ್ಪಿಸಿಕೊಂಡರೆ ಕುದುರೆ ಕಾರಂಜಿಯ ಹತ್ತಿರ ನಿಂತಿರಿ ಎಂದು ಹೇಳಿ ಇಳಿಸಿದ. ಹಸಿವಾದಾಗ ಆಂಟಿ ದೊಡ್ಡ ಚರ್ಚಿನ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಲು ಕೂತರು. ಅಂಕಲ್ಲಿಗೆ ನಾಚಿಕೆ. ಎಲ್ಲರೂ ನೋಡುತ್ತಾರೆ, ಏಳು ಎಂದರು. ಮಾತಿಗೆ ಮಾತು ಬೆಳೆಯಿತು. ಹೀಗೇ ಆಡಿದರೆ ನಾನು ಇಲ್ಲಿಂದಲೇ ಟ್ರೇನ್ ಹಿಡಿದು ಏರ್‌ಪೋರ್ಟಿಗೆ ಹೋಗುತ್ತೇನೆ, ನೀನು ನಿನ್ನ ರೊಟ್ಟಿ ಜೊತೆ ಟೂರ್ ಮುಗಿಸಿಕೊಂಡು ಬಾ ಎಂದು ಅಂಕಲ್ ಅಂದುಬಿಟ್ಟರು. ಆಂಟಿ ಒಂದು ಕಡೆ ತಿರುಗಿ ನಡೆದರು. ಸ್ವಲ್ಪ ದೂರ ಹೋಗಿ ಹಿಂತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಅಂಕಲ್ ಇರಲಿಲ್ಲ. ಡಬ್ಬಿಯೂ ಇರಲಿಲ್ಲ.

ಆಂಟಿ ದಾರಿ ಕೇಳುತ್ತಾ ಕೇಳುತ್ತಾ ಕುದುರೆ ಕಾರಂಜಿಗೆ ಹೋಗಿ ಕೂತರು. ರೋಮಿಂಗಿಗೆ ದುಡ್ಡು ದಂಡ ಎಂದು ಇಬ್ಬರಿಗೂ ಸೇರಿ ಒಂದೇ ಫೋನ್ ತಂದಿದ್ದರು. ಅದು ಆಂಟಿಯ ಪರ್ಸಿನಲ್ಲೇ ಇತ್ತು. ಒಂದು ತಾಸು ಹಸಿದುಕೊಂಡು ಕೂತರೂ ಅಂಕಲ್ ಬರಲಿಲ್ಲ. ಕೊನೆಗೆ ಗೈಡ್ ಬಂದು ಆಂಟಿಯನ್ನು ಬಸ್ಸಿಗೆ ಕರೆದುಕೊಂಡು ಹೋದ. ಆಮೇಲೆ ಅಂಕಲ್ ಬೇರೆ ಯಾವುದೋ ದಿಕ್ಕಿನಿಂದ ಬಂದರು. ಮುಖ ಕೆಂಪಗಿತ್ತು. ಬಸ್ ಹತ್ತಿ ಕಿಟಕಿಯ ಕಡೆ ತಿರುಗಿ ಕೂತರು. ಎಲ್ಲಿಗೆ ಹೋಗಿದ್ದರೆಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಮರುದಿನದಿಂದ ಮಾತೇನೋ ಶುರುವಾಯಿತು, ಆದರೆ ಆ ತಾಸಿನ ಮಾತು ಮಾತ್ರ ಬರಲಿಲ್ಲ. ಆ ಚಳಿಗಾಲದಲ್ಲೇ ಅಂಕಲ್ ಹೋಗಿಬಿಟ್ಟರು.

'ಸ್ಟೇಷನ್ನಿಗೇ ಹೋಗಿದ್ರೇನು ಅಂತ ಒಂದ ಹುಳ ತಲ್ಯಾಗ ಕೊರೀತೈತಿ. ನನ್ನ ಬಿಟ್ಟು ಹೋಗಾಕ ನಿಂತಿದ್ರೇನು ಅಂತ. ಆ ಕುದುರಿ ಹತ್ರ ನಿಂತು, ಅಲ್ಲಿಂದ ಒಂದು ತಾಸಿನಾಗ ಎಲ್ಲಿಗೆ ಹೋಗಿ ಬರಾಕ ಆಕ್ಕೈತಿ, ಒಂದೀಟು ನೋಡ್ಕೊಂಡು ಬಾರವಾ.'

ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸು ಕೇಳುವ ಪ್ರಶ್ನೆಯೇ ಇದು ಎಂದು ಒಂದು ಕ್ಷಣ ನಗು ಬಂತು. ಅವರ ಕಣ್ಣು ನೋಡಿ ನಗು ನುಂಗಿಕೊಂಡೆ. ಹೊರಡುವ ಹಿಂದಿನ ದಿನ ಚಟ್ನಿಪುಡಿಯ ಪೊಟ್ಟಣ ತಂದುಕೊಟ್ಟು, ಸೂಟ್‌ಕೇಸಿನ ಜೇಬಿಗೆ ತಾವೇ ತುರುಕಿದರು. ಮತ್ತೆ ಏನನ್ನೂ ನೆನಪಿಸಲಿಲ್ಲ.

ದಿಕ್ಕಿನ ವಿಷಯದಲ್ಲಿ ನಾನು ಶುದ್ಧ ಪೆದ್ದಿ. ನಮ್ಮ ಕಾಸ್ಟ್‌ಕೋ ಅಂಗಡಿಯ ಪಾರ್ಕಿಂಗಿನಲ್ಲೇ ನನ್ನ ಕಾರು ನನಗೆ ಸಿಗುವುದಿಲ್ಲ. ಅಂಥವಳಿಗೆ ಆ ಊರು ಸಿಕ್ಕಿತು! ಯಾವ ಓಣಿ ಹೊಕ್ಕರೂ ಕೊನೆಯಲ್ಲಿ ಒಂದು ಚೌಕ, ಚೌಕಕ್ಕೊಂದು ಗುಮ್ಮಟ, ಗುಮ್ಮಟದ ಕೆಳಗೆ ರೆಕ್ಕೆ ಬಿಚ್ಚಿದ ಕಲ್ಲಿನ ಕೂಸುಗಳು. ಗುಂಡುಗುಂಡಾದ ಕಂಬ, ಸುರುಳಿ ಸುರುಳಿ ಚಿನ್ನದ ಬಳ್ಳಿ. ಹೊರಗೆ ಬಂದರೆ ಮತ್ತೆ ಅದೇ ಚೌಕವೋ, ಇನ್ನೊಂದೋ? ತಲೆಯೆತ್ತಿದರೆ ಎಲ್ಲ ಕಡೆಯಿಂದಲೂ ಅದೇ ಕೋಟೆ ಕಾಣುತ್ತಿತ್ತು, ಆದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನನ್ನ ಗಂಡ ಫೋನಿನ ಮ್ಯಾಪ್ ತಿರುಗಿಸುತ್ತಾ, 'ನಾವು ಬಂದಿರೋದು ಊರು ನೋಡೋಕೋ, ಸಿಐಡಿ ಕೆಲಸಕ್ಕೋ?' ಎಂದು ಗೊಣಗುತ್ತಿದ್ದರು.

ಕುದುರೆ ಕಾರಂಜಿ ಬೇಗ ಸಿಕ್ಕಿತು. ವಿಶಾಲವಾದ ಚೌಕದ ನಡುವೆ ಮನೆಯಷ್ಟು ಎತ್ತರದ ಬಿಳಿ ಕಾರಂಜಿ, ಸುತ್ತ ಬಾಯಿಂದ ನೀರು ಚಿಮ್ಮುವ ಕಲ್ಲಿನ ಕುದುರೆಗಳು. ಅಲ್ಲಿಂದ ಸ್ಟೇಷನ್ ಎಷ್ಟು ದೂರ, ಯಾವ ಸೇತುವೆ ದಾಟಬೇಕು ಎಂದೆಲ್ಲ ಗಂಡನ ಕೈಲಿ ನೋಡಿಸಿದೆ. ಫೋಟೋ ತೆಗೆದು ಆಂಟಿಗೆ ವಾಟ್ಸಾಪ್ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರ ಧ್ವನಿ ಬಂತು: 'ಇದು ಅಲ್ಲ ತಂಗಿ. ನನ್ನ ಕುದುರಿ ಬ್ಯಾರೆ. ಹಿಂದ ಗ್ವಾಡಿ ತುಂಬ ಕುದುರಿ ಚಿತ್ರ ಬರದಿದ್ರು.'

ಮತ್ತೆ ಹುಡುಕಾಟ. ಚರ್ಚಿನ ಹಿಂದಿನ ಚೌಕದಲ್ಲಿ ಇನ್ನೊಂದು ಕೊಳ, ಅಲ್ಲಿ ಕುದುರೆಯ ಮೇಲೆ ಕೂತ ಗಡ್ಡದ ದೇವರು. ಹೊಳೆಯಾಚೆಯ ಉದ್ಯಾನದಲ್ಲಿ ರೆಕ್ಕೆಯ ಕುದುರೆ. ನಮ್ಮಲ್ಲಿ ಬೀದಿಗೊಂದು ಗಣಪತಿ ಗುಡಿ ಇರುವ ಹಾಗೆ ಆ ಊರಿನಲ್ಲಿ ಮೂಲೆಗೊಂದು ಕುದುರೆ. ಕೊನೆಗೆ ಗುಡ್ಡದ ಬಂಡೆಗೆ ಒತ್ತಿಕೊಂಡಂತೆ ಒಂದು ಕೊಳ ಸಿಕ್ಕಿತು: ನಡುವೆ ಮುಂಗಾಲೆತ್ತಿ ನೆಗೆಯುವ ಕುದುರೆಯನ್ನು ಹಿಡಿದು ನಿಲ್ಲಿಸುತ್ತಿರುವ ಕಲ್ಲಿನ ಮನುಷ್ಯ, ಹಿಂದಿನ ಗೋಡೆಯ ತುಂಬ ಕೆನೆಯುತ್ತಿರುವ ಬಣ್ಣದ ಕುದುರೆಗಳು. ಇದು ಆಂಟಿಯ ಕುದುರೆ. ಅದರದೂ ಒಂದು ಫೋಟೋ ತೆಗೆದುಕೊಂಡೆ. ಪಕ್ಕದಲ್ಲಿ ಗುಡ್ಡ ಕೊರೆದ ಸುರಂಗ, ಅದರೊಳಗೆ ಬಸ್ಸುಗಳ ಸದ್ದು. ಕೊಳದ ಕಟ್ಟೆಯ ಹತ್ತಿರ ನಿಂತು ನಾಲ್ಕೂ ದಿಕ್ಕು ನೋಡಿದೆ. ಅಂಕಲ್ ಎಲ್ಲಿಗಾದರೂ ಹೋಗಿರಬಹುದಿತ್ತು. ಸುರಂಗದಾಚೆಗೆ, ಹೊಳೆದಂಡೆಗೆ, ಕೋಟೆಗೆ... ಬಿರುಸಾಗಿ ನಡೆದರೆ ಸ್ಟೇಷನ್ನಿಗೂ. ನೋಡಿದಷ್ಟೂ ನನ್ನ ತಲೆ ಇನ್ನಷ್ಟು ಗೋಜಲಾಯಿತು. ಬೇರೆಯವರ ಗಂಡನನ್ನು, ಅದೂ ಕಣ್ಣಾರೆ ಕಾಣದ ಮನುಷ್ಯನನ್ನು, ಪರದೇಶದಲ್ಲಿ ಹುಡುಕುತ್ತಾ ನಿಂತ ನನಗೆ ಇದ್ದಕ್ಕಿದ್ದಂತೆ ಅಳು ಬಂತು.

ವಾಪಸು ಬಂದು ಆಂಟಿಗೆ ಒಂದು ಫ್ರಿಜ್ ಮ್ಯಾಗ್ನೆಟ್ ಕೊಟ್ಟೆ. ಸ್ಟೇಷನ್ ತುಂಬಾ ದೂರ ಆಂಟಿ, ಅಷ್ಟರಲ್ಲಿ ಹೋಗಿ ಬರೋಕೆ ಆಗಲ್ಲ ಎಂದೆ.

'ಅವ್ರ ನಡಗಿ ನೋಡಿಲ್ಲ ನೀ,' ಎಂದು ನಕ್ಕರು. ಮ್ಯಾಗ್ನೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ ಆಮೇಲೆ ಮೆಲ್ಲಗೆ ಹೇಳಿದರು. 'ಹೋಗಿದ್ರ ಹೋಗಿದ್ರು ಬಿಡು. ಹೊಳ್ಳಿ ಬಂದ್ರಲ್ಲ, ಅಷ್ಟ ಸಾಕು.'

ಸಾಕು ಎಂದವರ ಮುಖದಲ್ಲಿ ಸಮಾಧಾನದ ಕಳೆ ಇರಲಿಲ್ಲ. ಅದಾದ ಮೇಲೆ ಆ ಊರಿನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಹೋದ ವರ್ಷ ಆಂಟಿ ಒಂದೇ ವಾರದ ಕಾಯಿಲೆಯಲ್ಲಿ ತೀರಿಕೊಂಡರು.

ಮನೆ ಖಾಲಿ ಮಾಡಲು ಏಪೆಕ್ಸ್‌ನಿಂದ ಮಗಳು ಬಂದಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ಅರ್ಧ ಕನ್ನಡ, ಅರ್ಧ ಇಂಗ್ಲಿಷು. ನಾನೂ ಪಾತ್ರೆಗಳನ್ನು ಡಬ್ಬಕ್ಕೆ ತುಂಬಲು ಹೋಗಿದ್ದೆ. ಫ್ರಿಜ್ ಮೇಲಿನ ಮ್ಯಾಗ್ನೆಟ್ ಕಿತ್ತು ಅವಳು ಆಶ್ಚರ್ಯದಿಂದ ನೋಡಿದಳು.

'ಅಮ್ಮ ಇದನ್ನ ಯಾಕೆ ಇಟ್ಕೊಂಡ್ರು ಅಕ್ಕ? ಈ ಊರಲ್ಲಿ ಅಮ್ಮ ಅಪ್ಪನ್ನ ಬಿಟ್ಟು ಹೋಗಿದ್ರು, ಗೊತ್ತಾ? ಅಪ್ಪ ನಂಗೆ ಹೇಳಿದ್ರು. ಹಿ ವಾಸ್ ಸೋ ಹರ್ಟ್. ಒನ್ ಅವರ್ ವೇಟ್ ಮಾಡಿದ್ರಂತೆ, ಕುದುರೆ ಫೌಂಟನ್ ಹತ್ರ. ಬಾಕ್ಸ್ ಹಿಡ್ಕೊಂಡು. ಅಮ್ಮ ಬರ್ಲಿ, ಆಮೇಲೆ ತಿನ್ನೋಣ ಅಂತ ಓಪನ್ ಕೂಡ ಮಾಡ್ಲಿಲ್ಲ.'

ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಬಿಟ್ಟು ಹೋದವರು ಯಾರು, ಕಾದವರು ಯಾರು? ಆಂಟಿ ನನಗೆ ಸುಳ್ಳು ಹೇಳಿದರೇ? ಅಂಕಲ್ ಮಗಳಿಗೆ ಸುಳ್ಳು ಹೇಳಿದರೇ? ಎಂಥ ಕುದುರೆಗಳಂತೆ ಎಂದು ಕೇಳಿದೆ.

'ಬಾಯಿಂದ ನೀರು ಬರೋದು. ಸ್ಪಿಟಿಂಗ್ ಹಾರ್ಸಸ್ ಅಂತಿದ್ರು ಅಪ್ಪ, ನಗ್ತಾ.'

ಫೋನ್ ತೆಗೆದು ಎರಡು ಫೋಟೋಗಳನ್ನು ತೋರಿಸಿದೆ. ಇದು ಚೌಕದ್ದು, ನಿಮ್ಮ ಅಪ್ಪ ಕೂತದ್ದು. ಇದು ಗುಡ್ಡದ ಹತ್ತಿರದ್ದು, ನಿಮ್ಮ ಅಮ್ಮ ಕೂತದ್ದು. ಮಧ್ಯೆ ಎರಡು ಮೂರು ಓಣಿಗಳಷ್ಟೇ ದೂರ. ಇಬ್ಬರೂ ಗೈಡ್ ಹೇಳಿದಂತೆಯೇ ಕುದುರೆ ಕಾರಂಜಿ ಹುಡುಕಿಕೊಂಡು ಹೋಗಿ ಕೂತಿದ್ದರು. ಒಬ್ಬರ ಹತ್ತಿರ ಫೋನು, ಇನ್ನೊಬ್ಬರ ಹತ್ತಿರ ಊಟ. ಅವಳು ಎರಡೂ ಫೋಟೋಗಳನ್ನು ಹಿಂದೆ ಮುಂದೆ ಸರಿಸುತ್ತಾ ಕೂತಳು. ನಗಲು ಶುರುಮಾಡಿದಳು, ಅದು ನಗುವಾಗಿ ಉಳಿಯಲಿಲ್ಲ.

'ಅಮ್ಮನ್ನ ಕೇಳ್ತೀನಿ ಅಂದ್ರೆ ಅಪ್ಪ ಬೇಡ ಅಂದ್ರು ಅಕ್ಕ. ಅಮ್ಮ ವಾಪಸ್ ಬಂದ್ಲಲ್ಲ, ದಟ್ಸ್ ಇನಫ್ ಅಂದ್ರು.'

ಇದೆಲ್ಲ ನನ್ನ ಊಹೆಯೇ ಇರಬಹುದು. ಇಬ್ಬರ ಕಥೆಯ ಎರಡು ಅರ್ಧಗಳನ್ನು ತಂದು ಹೊಲಿದವಳು ನಾನು, ಹೊಲಿಗೆ ಸರಿಯೋ ತಪ್ಪೋ ಹೇಳುವವರು ಯಾರು? ಆದರೆ ಆ ದಿನದಿಂದ ನನಗೆ ಸಂತೋಷವೋ ಸಂಕಟವೋ ತಿಳಿಯುತ್ತಿಲ್ಲ. ಒಬ್ಬರನ್ನೊಬ್ಬರು ಮನಸ್ಸಿನಲ್ಲೇ ಕ್ಷಮಿಸಿಕೊಂಡು ಇಬ್ಬರೂ ಹೋಗಿಬಿಟ್ಟರು, ಇಬ್ಬರೂ ಮಾಡದ ತಪ್ಪಿಗೆ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಯಾಕೆ ಕೇಳಲಿಲ್ಲವೋ... ಹಾಗೆ ನೋಡಿದರೆ ನನ್ನ ಗಂಡನನ್ನು ನಾನು ಕೇಳದೆ ಬಿಟ್ಟ ಪ್ರಶ್ನೆಗಳೂ ಬೇಕಾದಷ್ಟಿವೆ.

ಸೂಟ್‌ಕೇಸ್ ಮುಂದೆ ಕೂತವಳನ್ನು ಕೆಳಗಿನಿಂದ ಗಂಡ ಕರೆದರು, ಟ್ರಾಫಿಕ್ ಶುರುವಾಗುವ ಮುಂಚೆ ಹೊರಡೋಣ ಎಂದು. ಬಟ್ಟೆ ತುಂಬಿಕೊಂಡು ಇಳಿದು ಬಂದೆ. ಪಕ್ಕದ ಮನೆಗೆ ಈಗ ಬೇರೆ ಯಾರೋ ಬಂದಿದ್ದಾರೆ, ಗೋಡೆಯಾಚೆ ಸದ್ದಿಲ್ಲ. ಕಾರು ಹತ್ತುವ ಮುಂಚೆ ಯಾಕೋ ಆಂಟಿಯ ಬಾಗಿಲಿನ ತನಕ ಹೋಗಿ ನಿಂತೆ. ತಟ್ಟಿ ಒಂದೇ ಒಂದು ಮಾತು ಹೇಳಿ ಬರಬೇಕು ಅನ್ನಿಸಿತ್ತು. ಅಂಕಲ್ ಎಲ್ಲಿಗೂ ಹೋಗಿರಲಿಲ್ಲ, ಆಂಟಿ.