ಎಸಿ ಹಾಕು, ಬಾಗಿಲು ಹಾಕು

ನಮ್ಮ ಸಂಘದ ಹಾಲ್ ರಿಪೇರಿಗೆ ಬಂದು ಶನಿವಾರದ ಕನ್ನಡ ಕ್ಲಾಸಿಗೆ ಜಾಗವಿಲ್ಲದಂತಾದಾಗ, "ಹಾಗಾದರೆ ನಮ್ಮ ಮನೆಯಲ್ಲೇ ನಡೆಸೋಣ" ಎಂದು ಬಾಯಿಬಿಟ್ಟವಳು ನಾನೇ. ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಿದವರಲ್ಲಿ ಒಬ್ಬರೂ ಏಪ್ರಿಲ್ ತಿಂಗಳ ಮಧ್ಯಾಹ್ನ ಮುಂಬಯಿಯ ಸಯನ್‌ನಲ್ಲಿರುವ ನಮ್ಮ ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ ಕೂತವರಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಕೋಣೆ. ಊಟ ಮುಗಿಯುವ ಹೊತ್ತಿಗೆ ಬಿಸಿಲು ಕಿಟಕಿಯಿಂದ ಒಳಗೆ ಬಂದು, ಸಂಜೆಯವರೆಗೆ ನಮ್ಮ ಜೊತೆಯೇ ಕೂತಿರುತ್ತದೆ. ಫ್ಯಾನು ಅದೇ ಬಿಸಿಗಾಳಿಯನ್ನು ಎಲ್ಲರಿಗೂ ಸಮನಾಗಿ ಹಂಚುತ್ತದೆ.

ಕ್ಲಾಸಿಗೆ ಬರುತ್ತಿದ್ದ ಮಕ್ಕಳು ಬೆರಳೆಣಿಕೆಯಷ್ಟು. ಆಂಟಾಪ್ ಹಿಲ್‌ನಿಂದ ಧಾರವಾಡದ ಕಡೆಯವರ ಹುಡುಗಿಯೊಬ್ಬಳು, ವಡಾಲದಿಂದ ಅವಳಿ ಅಕ್ಕತಂಗಿಯರು ಮತ್ತು ಅವರ ಕಾರಿನಲ್ಲೇ ಬರುವ ಅವರ ಬಿಲ್ಡಿಂಗಿನ ಒಂದೆರಡು ಮಕ್ಕಳು, ಜೊತೆಗೆ ನನ್ನ ಮಗಳು. ಈ ಕೊನೆಯವಳಿಗೋಸ್ಕರವೇ ನಾನು ಟೀಚರ್ ಆದದ್ದು. ಇದರಲ್ಲಿ ನಾಡುನುಡಿಯ ಸೇವೆ ಅಂತ ಏನೂ ಇಲ್ಲ. ಹನ್ನೆರಡು ವರ್ಷದ ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. "ಊಟ ಆಯ್ತಾ" ಅಂದರೆ "ಹೋ ಗಯಾ". ಶನಿವಾರದ ಆ ಎರಡು ಗಂಟೆ ಮಾತ್ರ, ಬೇರೆ ಮಕ್ಕಳೂ ತನ್ನಷ್ಟೇ ತಪ್ಪು ಮಾತಾಡುತ್ತಾರೆ ಎನ್ನುವ ಧೈರ್ಯದಲ್ಲಿ, ಅವಳ ಬಾಯಿಂದ ಒಂದಿಷ್ಟು ಕನ್ನಡ ಬರುತ್ತಿತ್ತು. ಕ್ಲಾಸು ನಿಂತರೆ ಅದೂ ನಿಲ್ಲುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಮನೆಯ ಕ್ಲಾಸು ಶುರುವಾದ ಎರಡನೇ ವಾರವೇ ಅವಳಿಗಳ ಅಪ್ಪ ಫೋನ್ ಮಾಡಿದರು. ಉಡುಪಿ ಕಡೆಯವರು, ವಡಾಲದಲ್ಲಿ ಹೋಟೆಲ್ ಇಟ್ಟಿದ್ದಾರೆ, ಮಾತು ಬಹಳ ಮೆತ್ತಗೆ.

"ಮೇಡಂ, ಮಕ್ಕಳಿಗೆ ಭಾರೀ ಸೆಕೆ ಆಗ್ತದಂತೆ ಮಾರಾಯ್ರೆ. ತಲೆನೋವು ಅಂತ ಮಲಗಿದ್ದಾರೆ. ಮಳೆ ಶುರು ಆದ ಮೇಲೆ ನೋಡುವನಾ?"

ಕರಾವಳಿಯವರ "ನೋಡುವ" ಎಂಬ ಮಾತಿನ ಅರ್ಥ ಮುಂಬಯಿಯಲ್ಲಿ ಇಷ್ಟು ವರ್ಷ ಕಳೆದ ನನಗೆ ತಿಳಿಯದ್ದಲ್ಲ. ಮಳೆ ಬಂದ ಮೇಲೆ ಶಾಲೆ ಶುರುವಾಗುತ್ತದೆ, ಆಮೇಲೆ ಟ್ಯೂಷನ್, ಆಮೇಲೆ ಗಣಪತಿ, ಆಮೇಲೆ ಪರೀಕ್ಷೆ. ಅವಳಿಗಳು ಬಿಟ್ಟರೆ ಕಾರು ಬಿಟ್ಟಿತು, ಕಾರು ಬಿಟ್ಟರೆ ಅರ್ಧ ಕ್ಲಾಸೇ ಬಿಟ್ಟಂತೆ. "ಸ್ವಲ್ಪ ತಡೀರಿ, ಎಸಿ ಹಾಕಿಸ್ತಾ ಇದೀವಿ" ಎಂದುಬಿಟ್ಟೆ. ಎಸಿ ಹಾಕಿಸುವ ವಿಚಾರ ಆ ಕ್ಷಣದವರೆಗೆ ನಮ್ಮ ಮನೆಯಲ್ಲಿ ಯಾರ ತಲೆಯಲ್ಲೂ ಇರಲಿಲ್ಲ.

ಹಾಕಿಸುವುದು ಸುಲಭವೂ ಆಗಿರಲಿಲ್ಲ. ನಮ್ಮದು ಬಾಡಿಗೆ ಮನೆ. ಗೋಡೆಗೆ ತೂತು ಕೊರೆಯಬಾರದು ಎಂದು ಮನೆ ಮಾಲೀಕರು, ಹೊರಗೋಡೆಗೆ ಏನೂ ನೇತುಹಾಕಬಾರದು ಎಂದು ಸೊಸೈಟಿಯವರು. ಕೊನೆಗೆ ನನ್ನ ಗಂಡ ಚಕ್ರವಿರುವ ಪೋರ್ಟಬಲ್ ಎಸಿ ತಂದರು. ವಾಷಿಂಗ್ ಮೆಷಿನ್ನಿನ ತೆಳ್ಳಗಿನ ತಮ್ಮನಂತಿತ್ತು. ಬೆನ್ನಿಗೊಂದು ದಪ್ಪ ಪೈಪು, ಅದರ ಬಾಯನ್ನು ಕಿಟಕಿಯಿಂದ ಹೊರಗಿಟ್ಟರೆ ಬಿಸಿಗಾಳಿ ಹೊರಗೆ ಹೋಗುತ್ತದೆ, ಅಷ್ಟೇ ಕೆಲಸ ಎಂದರು. ನನ್ನ ಗಂಡ ಬೆಂಗಳೂರಿನವರು, ಲೆಕ್ಕಪತ್ರದ ಕೆಲಸ. ಆದರೆ ಯಾವ ಯಂತ್ರ ಕಂಡರೂ ತಾನು ಎಂಜಿನಿಯರ್ ಆಗಬೇಕಿತ್ತು ಎನ್ನುವ ಕೊರಗು ಕೆರಳುತ್ತದೆ.

ಮೊದಲ ದಿನ ಅದನ್ನು ಗರಿಷ್ಠಕ್ಕೆ ತಿರುಗಿಸಿ ಅದರ ಮುಂದೆ ಮೂವರೂ ಕೂತೆವು. ಸದ್ದು ಜೋರಾಗಿತ್ತು. ಅದರ ಮೂಗಿನ ನೇರಕ್ಕೆ ಕೂತವರಿಗೆ ಚಳಿ, ಒಂದಡಿ ಪಕ್ಕಕ್ಕೆ ಸರಿದವರಿಗೆ ಅದೇ ಹಳೆಯ ಸೆಕೆ. ಮೀಟರು ಮಾತ್ರ ಗಿರಗಿರ ತಿರುಗುತ್ತಿತ್ತು. ವಿಚಿತ್ರವೆಂದರೆ, ಅರ್ಧ ಗಂಟೆಯಲ್ಲಿ ಕೋಣೆಯ ತುಂಬ ಸಾಸಿವೆ ಇಂಗಿನ ಒಗ್ಗರಣೆ ವಾಸನೆ.

"ಎಸಿಯಲ್ಲೂ ಒಗ್ಗರಣೆ ಬರತ್ತಾ?" ಎಂದು ಕೇಳಿದೆ.

ನನ್ನ ಗಂಡ ನೆಲದ ಮೇಲೆ ಮಲಗಿ ಬಾಗಿಲಿನ ಅಡಿಯ ಸಂದಿಗೆ ಅಂಗೈ ಹಿಡಿದರು. ಎದ್ದು ಕೂತಾಗ ಮುಖ ಅರಳಿತ್ತು. "ನೋಡು, ಇದು ಕೋಣೆಯ ಗಾಳೀನೇ ತಗೊಂಡು ಪೈಪಿನಿಂದ ಹೊರಗೆ ತಳ್ಳತ್ತೆ. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಾದ್ರೂ ಒಳಗೆ ಬರಲೇಬೇಕಲ್ಲ. ನಿನ್ನ ಅಡುಗೆಮನೆಯಿಂದ ಬರ್ತಾ ಇದೆ. ಒಲೆ ಬಿಸಿಯನ್ನೆಲ್ಲ ನಾವೇ ಕರೆದು ಕೂರಿಸ್ಕೊಂಡಿದೀವಿ."

ಅಲ್ಲಿಂದ ಒಂದು ವಾರ ನಮ್ಮ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಕಿಟಕಿಯಲ್ಲಿ ಪೈಪಿನ ಸುತ್ತ ಉಳಿದ ಜಾಗ ನನ್ನ ತಲೆ ತೂರುವಷ್ಟಿತ್ತು. ಹೊರಗೆ ಹಾಕಿದ ಬಿಸಿಗಾಳಿ ಅಲ್ಲಿಂದಲೇ ನೆಂಟರಂತೆ ವಾಪಸು ಬರುತ್ತಿತ್ತು. ಅದನ್ನು ಮುಚ್ಚಲು ನನ್ನ ಗಂಡ ಕೆಳಗಿನ ಗಲ್ಲಿಯಿಂದ, ಹಬ್ಬ ಮುಗಿದು ಯಾರಿಗೂ ಬೇಡವಾಗಿದ್ದ ಶುಭಾಶಯದ ಬೋರ್ಡೊಂದನ್ನು ತಂದು ಅಳತೆಗೆ ಕತ್ತರಿಸಿದರು. ಅದರಲ್ಲಿ ಯಾವನೋ ಗಲ್ಲಿ ನಾಯಕನ ಮುಖವಿತ್ತು. ಬಿಳಿಯ ಬದಿ ಬಿಸಿಲಿಗೆ ಇರಲಿ ಎಂದು ಹೊರಕ್ಕೆ ತಿರುಗಿಸಿದ್ದರಿಂದ, ನಾಯಕ ಕೈಮುಗಿದುಕೊಂಡು ನಮ್ಮ ಕೋಣೆಯೊಳಗೆ ನೋಡುತ್ತ ನಿಂತ. ಪೈಪು ಸುತ್ತಿ ಬಳಸಿ ಹೋಗುತ್ತಿದ್ದದ್ದನ್ನು, ಯಂತ್ರವನ್ನೇ ಕಿಟಕಿಯ ಹತ್ತಿರಕ್ಕೆ ತಳ್ಳಿ, ಗಿಡ್ಡವಾಗಿ ನೇರ ಮಾಡಿದರು. ಪೈಪು ಮುಟ್ಟಿದರೆ ಇಸ್ತ್ರಿಪೆಟ್ಟಿಗೆಯಷ್ಟು ಬಿಸಿ. ಆ ಬಿಸಿ ಕೋಣೆಗೆ ಸೋರಬಾರದೆಂದು ಮಗಳ ಹಳೆಯ ರಗ್ಗು ಸುತ್ತಿ ದಾರ ಕಟ್ಟಿದೆವು. ಮಧ್ಯಾಹ್ನದ ಬಿಸಿಲಿಗೆ ದಪ್ಪ ಪರದೆ ಬಂತು. ಅಡುಗೆಮನೆ ಕಡೆಯ ಬಾಗಿಲಿನ ಸಂದಿಗೆ ಸುತ್ತಿದ ಟವೆಲು ಬಂತು. ಮುಂದಿನ ಹಾಲ್ ಕಡೆಯ ಬಾಗಿಲಿನ ಸಂದಿ ಮಾತ್ರ ಹಾಗೇ ಇರಲಿ, ಬರುವ ಗಾಳಿ ನೆರಳಿರುವ ಕಡೆಯಿಂದ ಬರಲಿ ಎಂದರು. ಯಂತ್ರವನ್ನು ಇಪ್ಪತ್ತಾರಕ್ಕೆ ಇಟ್ಟು ಮೇಲೆ ಫ್ಯಾನು ತಿರುಗಿಸಿದರೆ, ಹದಿನೆಂಟಕ್ಕೆ ಇಟ್ಟು ಒದ್ದಾಡುವುದಕ್ಕಿಂತ ಹಿತವಾಗಿರುತ್ತದೆಂದು ನಾವೇ ಕಂಡುಕೊಂಡೆವು. ಯಂತ್ರದ ಜಾಲರಿ ತೊಳೆದಾಗ ಬಂದ ಕೆಸರು ನೋಡಿ, ಒಂದೇ ವಾರದಲ್ಲಿ ಇಷ್ಟು ಧೂಳು ಉಸಿರಾಡುತ್ತೇವಾ ಎಂದು ಮೂವರೂ ಗಾಬರಿಯಾದೆವು.

ನನ್ನ ಪಾಲಿಗೆ ಬಂದ ತ್ಯಾಗವೆಂದರೆ ಒಲೆಯದು. ಶನಿವಾರ ಮಕ್ಕಳಿಗೆ ಬಿಸಿಬಿಸಿ ಬಜ್ಜಿ ಕರಿಯುತ್ತಿದ್ದೆ. ಅದು ನಿಂತು ಕೋಸಂಬರಿ, ಮಜ್ಜಿಗೆ ಬಂದವು. ಬಜ್ಜಿ ನಿಂತದ್ದಕ್ಕೆ ಮಕ್ಕಳಿಗಿಂತ ಹೆಚ್ಚು ಬೇಜಾರಾದದ್ದು ನನ್ನ ಗಂಡನಿಗೆ. ಆದರೆ ನಿಯಮ ಮಾಡಿದವರು ಅವರೇ ಆದ್ದರಿಂದ ತುಟಿಪಿಟಕ್ಕೆನ್ನಲಿಲ್ಲ.

ಅವಳಿಗಳ ಅಪ್ಪನಿಗೆ ಹೇಳಿಕಳಿಸಿದೆ. "ಸರಿ ಮೇಡಂ, ಈ ಶನಿವಾರ ನಾನೇ ಬಂದು ಕೂತು ನೋಡ್ತೇನೆ. ತಂಪು ಉಂಟಾದ್ರೆ ಮುಂದುವರಿಸುವ" ಎಂದರು. ಹೋಟೆಲ್ ನಡೆಸುವವರು, ರುಚಿ ನೋಡದೆ ಒಪ್ಪುವವರಲ್ಲ.

ಆ ಶನಿವಾರ ಬೆಳಿಗ್ಗೆ ಸಂಘದ ಕಪಾಟಿನಲ್ಲಿ ಉಳಿದಿದ್ದ ಪಾಠದ ಪುಸ್ತಕಗಳನ್ನು ತರಲು ವಡಾಲಕ್ಕೆ ಹೋದೆ. ಗಂಡ ಆಫೀಸಿಗೆ ಹೋಗಿದ್ದರು. ವಾಪಸು ಬರುವಾಗ ಬಸ್ಸು ಸೇತುವೆ ಕೆಲಸದ ಹತ್ತಿರ ನಿಂತಿತು, ನಿಂತೇ ಇತ್ತು. ಕ್ಲಾಸಿನ ಹೊತ್ತಾಗುತ್ತಿತ್ತು. ಕೋಣೆ ಮೊದಲೇ ತಂಪಾಗಿರಬೇಕು. ಜನ ತುಂಬಿ ಬೆವರಲು ಶುರುವಾದ ಮೇಲೆ ಹಾಕಿದರೆ ಆ ಯಂತ್ರ ಎಷ್ಟು ಹೆಣಗಿದರೂ ಅಷ್ಟೇ. ಮಗಳಿಗೆ ಫೋನ್ ಮಾಡಿದೆ.

ಇಲ್ಲಿ ಒಂದು ಮಾತು ಹೇಳಬೇಕು. ವಾರವೆಲ್ಲ ನಾನೂ ಮುಂಬಯಿ ಕನ್ನಡದವಳೇ. "ಡೋರ್ ಬಂದ್ ಮಾಡು", "ಖಿಡ್ಕಿ ಬಂದ್ ಮಾಡು" ಎಂದೇ ನನ್ನ ಮಗಳು ಹುಟ್ಟಿದಾಗಿನಿಂದ ಕೇಳಿರುವುದು. ಶನಿವಾರ ಬಂದರೆ ಮಾತ್ರ ನನಗೆ ಟೀಚರ್‌ಗಿರಿ ತಲೆಗೇರಿ, ನನ್ನ ತವರು ಮೈಸೂರಿನ ಅಚ್ಚಕನ್ನಡ ಹೊರಬೀಳುತ್ತದೆ. ಬಸ್ಸಿನಲ್ಲಿ ನಿಂತು ಸ್ಪಷ್ಟವಾಗಿ, ನಿಧಾನವಾಗಿ ಹೇಳಿದೆ: "ಮೊದಲು ಕಿಟಕಿ ಹಾಕು. ಎರಡೂ ಬಾಗಿಲು ಹಾಕು. ಆಮೇಲೆ ಎಸಿ ಹಾಕು, ಫ್ಯಾನು ಹಾಕು. ಅಂಕಲ್ ಬಂದರೆ ಕೂರಿಸು."

"ಹಾಂ, ಹಾಂ, ಸಮಝ್ ಗಯೀ" ಎಂದು ಅವಳು ಫೋನ್ ಇಟ್ಟಳು.

ಮನೆ ಮುಟ್ಟಿದಾಗ ಮುಂಬಾಗಿಲಿನಿಂದಲೇ ಎಸಿಯ ಮೊರೆತ ಕೇಳಿಸಿತು. ಒಳಗೆ ಹೋದರೆ ಕೋಣೆಯ ಎರಡೂ ಬಾಗಿಲು ಹಾರುಹೊಡೆದಿವೆ. ಟವೆಲು ಮೂಲೆಯಲ್ಲಿ ಬಿದ್ದಿದೆ. ಕಿಟಕಿಯ ಬೋರ್ಡನ್ನು ಕಿತ್ತು ಗೋಡೆಗೆ ಒರಗಿಸಲಾಗಿದೆ, ನಾಯಕ ತಲೆಕೆಳಗಾಗಿ ಕೈಮುಗಿದಿದ್ದಾನೆ. ಕಿಟಕಿ ಪೂರ್ತಿ ತೆರೆದಿದೆ. ಎಸಿ ಸಯನ್ ಪೂರ್ತಿಯನ್ನು ತಂಪು ಮಾಡಲು ಹೊರಟಂತಿದೆ. ನೆಲದ ಮೇಲೆ ಕ್ಲಾಸಿನ ಮಕ್ಕಳು. ನಡುವೆ ಕುರ್ಚಿಯಲ್ಲಿ ಅವಳಿಗಳ ಅಪ್ಪ, ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ, ಬಹಳ ಮರ್ಯಾದೆಯಿಂದ ಕೂತಿದ್ದಾರೆ. ನನಗೆ ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು.

"ಎಲ್ಲಾ ತೆಗೆದಿಟ್ಟಿದ್ದೀಯಲ್ಲೇ! ಹಾಕು ಅಂತ ಹೇಳಿರಲಿಲ್ವಾ?"

"ಹಾಕಿದೆ ತೋ!" ಎಂದಳು ಮಗಳು. ಮುಖ ಕೆಂಪಾಗಿತ್ತು. "ಫ್ಯಾನ್ ಹಾಕು ಮತ್ಲಬ್ ಆನ್. ಎಸಿ ಹಾಕು ಮತ್ಲಬ್ ಆನ್. ಬಾಗಿಲು ಹಾಕು ಮತ್ಲಬ್ ಬಾಗಿಲು ಆನ್. ಬಾಗಿಲು ಆನ್ ಅಂದ್ರೆ ಓಪನ್. ನಂಗೂ ಅಜೀಬ್ ಅನ್ನಿಸ್ತು, ಪರ್ ನೀನೇ ಹೇಳಿದ್ದು."

ಇಷ್ಟು ವರ್ಷ ಆಡಿದ ಮಾತು, ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಫ್ಯಾನು ಹಾಕಿದರೆ ಶುರುವಾಗುತ್ತದೆ, ಬಾಗಿಲು ಹಾಕಿದರೆ ಮುಚ್ಚುತ್ತದೆ. ಇದಕ್ಕೆ ಏನು ಕಾರಣ ಹೇಳುವುದು?

ಮೊದಲು ನಕ್ಕವರು ಅವಳಿಗಳ ಅಪ್ಪ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವಳು ಹೇಳುವುದು ಸರಿ ಉಂಟು ಮೇಡಂ. ನಾವು ಬಾಗಿಲು ಸಹ ಹಾಕ್ತೇವೆ, ಫ್ಯಾನ್ ಸಹ ಹಾಕ್ತೇವೆ. ಪಾಪ, ಮಗು ಎಂತ ಮಾಡುವುದು?"

"ನಾವು ಫ್ಯಾನ್ ಹಾಕೂದಿಲ್ರಿ, ಹಚ್ಚತೀವಿ" ಎಂದಳು ಆಂಟಾಪ್ ಹಿಲ್ ಹುಡುಗಿ, ಗೆದ್ದವಳ ಹಾಗೆ. "ಬಾಗಲಾ ಹಾಕ್ತೀವಿ, ಫ್ಯಾನ್ ಹಚ್ಚತೀವಿ. ನಮ್ಮನ್ಯಾಗ ಹಿಂಗ ಆಗೂದ ಇಲ್ಲ."

ಅಲ್ಲಿಗೆ ನನ್ನ ಪಾಠ ಮುಗಿಯಿತು, ಅವರ ಪಾಠ ಶುರುವಾಯಿತು. ಬಾಗಿಲು ಮುಚ್ಚುತ್ತ, ಬೋರ್ಡು ಸಿಕ್ಕಿಸುತ್ತ, ಪರದೆ ಎಳೆಯುತ್ತ ಮಕ್ಕಳು ಇನ್ನೇನೇನು ಹಾಕುತ್ತೇವೆಂದು ಒಬ್ಬರ ಮೇಲೊಬ್ಬರು ಕೂಗತೊಡಗಿದರು. ಉಪ್ಪು ಹಾಕ್ತಾರೆ. ಅಂಗಿ ಹಾಕ್ತಾರೆ. ರಂಗೋಲಿ ಹಾಕ್ತಾರೆ. ಟೋಪಿ ಹಾಕ್ತಾರೆ, ಎಂದು ಅವಳಿಗಳಲ್ಲೊಬ್ಬಳು. ಅದಕ್ಕೆ ಬೇರೆ ಅರ್ಥವೂ ಇದೆ, ಅದು ಹೋಟೆಲಿಗೆ ಬರುವ ಕೆಲವು ಗಿರಾಕಿಗಳಿಗೆ ಚೆನ್ನಾಗಿ ಗೊತ್ತು ಎಂದು ಅವಳ ಅಪ್ಪ. ಎಸಿಯ ಸದ್ದಿಗೆ ಮೆಲ್ಲಗೆ ಹೇಳಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಸಂಘದ ಹಾಲ್‌ನಲ್ಲಿ ಬಾಯೊಳಗೇ ಗುಣುಗುಣು ಮಾಡುತ್ತಿದ್ದ ಮಕ್ಕಳು ಇಲ್ಲಿ ಗಂಟಲು ಹರಿಯುವಂತೆ ಕನ್ನಡ ಕೂಗುತ್ತಿದ್ದರು. ಈ ಲಾಭವನ್ನು ಯಂತ್ರ ಮಾರಿದವರು ಹೇಳಿರಲಿಲ್ಲ.

ಮಜ್ಜಿಗೆ ಕೊಡುವ ಹೊತ್ತಿಗೆ ಕೋಣೆ ನಿಜವಾಗಿ ತಂಪಾಗಿತ್ತು. ಅವಳಿಗಳ ಅಪ್ಪ ಗೋಡೆ ಮುಟ್ಟಿ ನೋಡಿ, ಪೈಪಿಗೆ ಸುತ್ತಿದ ರಗ್ಗು ಮುಟ್ಟಿ ನೋಡಿ, ಎದ್ದರು. "ಆಯ್ತು, ಹೋಗುವನಾ?" ಎಂದು ಮಕ್ಕಳನ್ನು ಕರೆದರೆ ಅವಳಿಗಳು ಏಳಲಿಲ್ಲ. ಇನ್ನೂ ಹಾಕುವುದು ಮುಗಿದಿಲ್ಲ ಎಂದರು. ಅವರು ನನ್ನ ಕಡೆ ತಿರುಗಿ, "ಮುಂದಿನ ವಾರ ಕಾರು ಬರ್ತದೆ ಮೇಡಂ" ಎಂದರು. "ನೋಡುವ" ಎನ್ನಲಿಲ್ಲ. ನಾನು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ.

ಅಂದಿನಿಂದ ಕೋಣೆ ಅಣಿಮಾಡುವ ಕೆಲಸ ಮಕ್ಕಳದೇ ಆಯಿತು. ಬಂದವರೇ ಒಬ್ಬರು ಟವೆಲು ಒತ್ತುವುದು, ಒಬ್ಬರು ಪರದೆ, ಒಬ್ಬರು ಜಾಲರಿ. ಪ್ರತಿ ಕೆಲಸವನ್ನೂ ಬಾಯಲ್ಲಿ ಹೇಳಿಯೇ ಮಾಡಬೇಕು, ಅದೂ ಕನ್ನಡದಲ್ಲಿ. ಮೇ ತಿಂಗಳು ಪೂರ್ತಿ ಒಂದು ಶನಿವಾರವೂ ತಪ್ಪಲಿಲ್ಲ. ಮೀಟರಿನ ಓಟವೂ ತಗ್ಗಿತು. ಅದಕ್ಕೆ ತಾನೇ ಕಾರಣ ಎಂದು ನನ್ನ ಗಂಡ ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದರು. ಹೇಳಿಕೊಳ್ಳಲಿ, ಬಜ್ಜಿ ಬಿಟ್ಟವರು.

ಆದರೂ ನನ್ನೊಳಗೆ ಒಂದು ಅನುಮಾನ ಉಳಿದಿತ್ತು. ಟವೆಲು, ಪರದೆ ಎನ್ನುವುದು ಹೇಳಿಸಿದ ಕನ್ನಡ. ಕ್ಲಾಸು ಮುಗಿದು ಮಕ್ಕಳು ಚಪ್ಪಲಿ ಮೆಟ್ಟಿದ ಕೂಡಲೇ ನನ್ನ ಮಗಳು ಮತ್ತೆ ಹಿಂದಿಗೆ ಇಳಿಯುತ್ತಿದ್ದಳು. ನನಗೆ ಬೇಕಿದ್ದದ್ದು ಯಾರೂ ಕೇಳದೆ ತಾನಾಗಿ ಬರುವ ಮಾತು. ಅದನ್ನು ಕಲಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಜೂನ್ ಮೊದಲ ವಾರ, ಮಳೆ ಇನ್ನೇನು ಬರಬೇಕು ಎನ್ನುವಷ್ಟು ಬೆವರು. ನಾನು ಅಡುಗೆಮನೆಯಲ್ಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದೆ. ಮುಚ್ಚಿದ ಬಾಗಿಲಿನ ಆಚೆ ಇದ್ದಕ್ಕಿದ್ದಂತೆ ಗಲಾಟೆ. ಅವಳಿಗಳಲ್ಲೊಬ್ಬಳು ಎಸಿಯ ನೇರಕ್ಕೆ ಕೂತು ಜಾಗ ಬಿಡುತ್ತಿಲ್ಲ, ನನ್ನ ಮಗಳು ಬಿಡುತ್ತಿಲ್ಲ.

"ಯಾವಾಗ್ಲೂ ನೀನೇ ಕೂರೋದಾ? ಸರ್ಕೊ ಆ ಕಡೆ!"

"ನಾನು ಮೊದಲು ಬಂದದ್ದು. ನಾನೆಂತಕ್ಕೆ ಏಳುವುದು?"

"ಎಂತಕ್ಕೆ ಅಂದ್ರೆ? ಇದು ನಮ್ಮ ಮನೆ ಎಸಿ. ನಮ್ಮಪ್ಪ ರಗ್ಗು ಕಟ್ಟಿದ್ದಾನೆ, ನನ್ನ ರಗ್ಗು! ನಿನಗೇನೂ ನಾಚಿಕೆ ಬರಲ್ವಾ?"

ನನ್ನ ಗಂಡ ಪೇಪರು ಮಡಚಿಟ್ಟು ಗಾಬರಿಯಿಂದ ಎದ್ದು ಬಂದರು. "ಏನೇ ಇದು, ಹೊಡೆದಾಡ್ಕೋತಾರೆ. ಹೋಗಿ ಬಿಡಿಸಬಾರದಾ?"

ನಾನು ಅವರ ಕೈ ಹಿಡಿದು ನಿಲ್ಲಿಸಿದೆ. ನನಗಾದ ಸಂತೋಷ ಹೇಳಿ ಪ್ರಯೋಜನವಿಲ್ಲ, ಕಣ್ಣು ಮಂಜಾಗಿ ಸೌತೆಕಾಯಿ ಕಾಣುತ್ತಿರಲಿಲ್ಲ. ಮಗಳು ಸಿಟ್ಟಿನಲ್ಲಿದ್ದಳು, ಪದ ಹುಡುಕುತ್ತಿರಲಿಲ್ಲ.

"ಕೂತ್ಕೊಳ್ಳಿ ಸುಮ್ಮನೆ" ಎಂದೆ ಮೆಲ್ಲಗೆ. "ಇನ್ನೊಂದು ಸ್ವಲ್ಪ ಹೊತ್ತು ಜಗಳ ಆಡಲಿ."