ಬೆಳ್ಳಿ ಬಟ್ಟೆಗೆ ಬರೀ ನೀರು

ನಮ್ಮ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಆಸ್ಪತ್ರೆಯಲ್ಲಿ ನರ್ಸ್. ಗಾಯಕ್ಕೆ ಪಟ್ಟಿ ಕಟ್ಟುವುದೇ ಅವರ ಕೆಲಸವಾದ್ದರಿಂದ ಅಲ್ಲಿ ಎಲ್ಲರೂ ಅವರನ್ನು ಪಟ್ಟಿ ಸಿಸ್ಟರ್ ಎನ್ನುತ್ತಾರೆ. ಮನೆಯಲ್ಲಿ ನಾವಿಬ್ಬರೂ ಹಾವು ಮುಂಗುಸಿ. ನನಗೆ ಮೂಗಿನ ತುದಿಯಲ್ಲೇ ಕೋಪ. ಅವರಿಗೆ ಯಾರು ಏನಂದರೂ ಮುಖದಲ್ಲಿ ಒಂದು ಗೆರೆ ಅಲ್ಲಾಡುವುದಿಲ್ಲ. ಹೀಗಾಗಿ ಜಗಳದಲ್ಲಿ ಕೂಗಾಡುವವಳೂ ನಾನೇ, ಸೋಲುವವಳೂ ನಾನೇ.

ಆದರೆ ಗಾಯ ತೊಳೆಯುವುದರಲ್ಲಿ ಅವರದು ಎತ್ತಿದ ಕೈ. ಅದನ್ನು ನಾನೂ ಒಪ್ಪುತ್ತೇನೆ. ಉಪ್ಪುನೀರಿನ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಹೊರಳಿಸಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಅಂಟಿಕೊಂಡ ಹಳೆಯ ಪಟ್ಟಿಯನ್ನು ಆ ನೀರಿನಲ್ಲಿ ನೆನೆಸಿ, ರೋಗಿಯ ಮನೆಮಂದಿಯನ್ನೆಲ್ಲ ವಿಚಾರಿಸುತ್ತಾ ಬಿಡಿಸುತ್ತಾರೆ. ಯಾವಾಗ ತೆಗೆಯುತ್ತೀರಿ ಎಂದು ರೋಗಿ ಕೇಳುವಷ್ಟರಲ್ಲಿ ಅದು ಬುಟ್ಟಿಯಲ್ಲಿ ಬಿದ್ದಿರುತ್ತದೆ. ಗಾಯಕ್ಕೆ ಉಪ್ಪು ಅಂದರೆ ಉರಿ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ರಕ್ತದಲ್ಲಿರುವಷ್ಟೇ ಉಪ್ಪು ಬೆರೆತ ನೀರು ಹಸಿ ಗಾಯಕ್ಕೆ ಹಿತ, ಬರೀ ನೀರೇ ಉರಿ. ಇದನ್ನು ಅತ್ತಿಗೆಯೇ ನನಗೆ ಹೇಳಿಕೊಟ್ಟದ್ದು.

ನಮ್ಮವರು ಬಸ್ ಡ್ರೈವರ್. ಜನ ಕಿಕ್ಕಿರಿದ ರಸ್ತೆಗಳಲ್ಲಿ ಅಷ್ಟು ವರ್ಷ ಬಸ್ ಓಡಿಸಿ ಒಂದು ಸೈಕಲ್ಲಿಗೂ ತಾಗಿಸಿದವರಲ್ಲ. ಡಿಪೋದಲ್ಲಿ ಸುಮ್ಮನೆ ನಿಂತಿದ್ದ ಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದು ಬಲಗಾಲು ಮುರಿದುಕೊಂಡರು. ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಅತ್ತಿಗೆಯ ಆಸ್ಪತ್ರೆಗೇ ಸೇರಿಸಿದೆವು, ಪಟ್ಟಿ ಕಟ್ಟುವವರೂ ಅವರೇ. ಓಡುವ ಬಸ್ಸುಗಳು ಏನೂ ಮಾಡಲಿಲ್ಲ, ನಿಂತದ್ದು ಸೇಡು ತೀರಿಸಿಕೊಂಡಿತು ಎಂದು ಬಂದವರನ್ನೆಲ್ಲ ನಗಿಸುತ್ತಿದ್ದರು. ಮೂಳೆಯೇನೋ ಕೂಡಿತು, ಗಾಯ ಕೂಡಲಿಲ್ಲ. ಔಷಧಿಯ ಮೇಲೆ ಔಷಧಿ ಬದಲಾಯಿಸಿದರೂ ಕೀವು ಜಪ್ಪಯ್ಯ ಎನ್ನಲಿಲ್ಲ. ಲ್ಯಾಬಿನಲ್ಲಿ ಆ ಕೀವನ್ನು ಪರೀಕ್ಷೆ ಮಾಡಿದವರು, ಈ ರೋಗಾಣು ನಮ್ಮಲ್ಲಿರುವ ಔಷಧಿಗಳನ್ನೆಲ್ಲ ಅರಗಿಸಿಕೊಂಡು ಕೂತಿದೆ ಎಂದರು. ಸೋಂಕು ಮೂಳೆಗೆ ಇಳಿದರೆ ಮೊಣಕಾಲಿನ ಕೆಳಗೆ ಕತ್ತರಿಸದೆ ಬೇರೆ ದಾರಿಯಿಲ್ಲ ಎಂದು ದೊಡ್ಡ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು. ಬ್ರೇಕ್ ಒತ್ತುವ ಕಾಲು ಅದು.

ಅದಕ್ಕೆ ಮುಂಚೆ ಇನ್ನೊಂದು ಪ್ರಯತ್ನ ಮಾಡಬಹುದು ಎಂದವರು ಲ್ಯಾಬ್ ಮೇಡಂ. ಅವರು ಹೊಸ ಬಗೆಯ ಪಟ್ಟಿಯ ಬಟ್ಟೆ ತಯಾರಿಸುತ್ತಿದ್ದರು. ನ್ಯಾನೋ ಬೆಳ್ಳಿ ಎಂದರು. ನನ್ನ ಮುಖ ನೋಡಿ ಬಿಡಿಸಿ ಹೇಳಿದರು. ಬೆಳ್ಳಿಯನ್ನು ಎಷ್ಟು ಸಣ್ಣ ಕಣ ಮಾಡುತ್ತಾರೆಂದರೆ, ತಲೆಗೂದಲಿನ ದಪ್ಪದೊಳಗೆ ಸಾವಿರಾರು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಔಷಧಿ ರೋಗಾಣುವಿನ ಒಂದು ಬಾಗಿಲು ತಟ್ಟಿದರೆ ಅದು ಆ ಬಾಗಿಲಿಗೆ ಬೀಗ ಹಾಕುವುದನ್ನು ಕಲಿತುಬಿಡುತ್ತದೆ. ಬೆಳ್ಳಿ ಅದರ ಗೋಡೆಯನ್ನೂ ಒಡೆಯುತ್ತದೆ, ಒಳಗೂ ಹಾಳುಮಾಡುತ್ತದೆ. ಎಲ್ಲ ಕಡೆಯಿಂದ ಒಟ್ಟಿಗೆ ಬೀಳುವ ಏಟನ್ನು ತಡೆಯಲು ಕಲಿಯುವುದು ಅಷ್ಟು ಸುಲಭವಲ್ಲ. ಆದರೆ ಒಂದು ಕಟ್ಟುನಿಟ್ಟು ಎಂದು ಅತ್ತಿಗೆಯ ಕಡೆ ತಿರುಗಿದರು. ಗಾಯ ತೊಳೆಯುವುದಕ್ಕೂ ಬಟ್ಟೆ ನೆನೆಸುವುದಕ್ಕೂ ಶುದ್ಧ ಮಾಡಿದ ಬರೀ ನೀರು. ಉಪ್ಪು ತಾಗಿದರೆ ಬೆಳ್ಳಿ ಅದರ ಜೊತೆ ಸೇರಿಕೊಂಡು ಗಂಟುಕಟ್ಟುತ್ತದೆ, ಕೆಲಸ ಮಾಡುವುದಿಲ್ಲ. ಅತ್ತಿಗೆ ತಲೆಯಾಡಿಸಿದರು. ನಾನೂ ಅಲ್ಲೇ ಇದ್ದೆ.

ಮೊದಲ ದಿನ ಬರೀ ನೀರು ಬಿದ್ದ ಕೂಡಲೇ ನಮ್ಮವರು ಕಿರುಚಿದ ದನಿಗೆ ಪಕ್ಕದ ಹಾಸಿಗೆಯವರು ಎದ್ದು ಕೂತರು. ನೋವಿನ ಇಂಜೆಕ್ಷನ್ ಕೊಟ್ಟಿದ್ದರೂ ಅಷ್ಟು. ನಾನು ಕಾರಿಡಾರಿಗೆ ಓಡಿಹೋಗಿ ಕಿವಿ ಮುಚ್ಚಿಕೊಂಡೆ. ಎರಡನೆಯ ದಿನವೂ ಹಾಗೇ ಆಯಿತು. ಆಮೇಲೆ ಒಂದು ದಿನ ಕಿರುಚಾಟ ನಿಂತಿತು. ಅಭ್ಯಾಸವಾಯಿತೇನೋ, ಗಾಯ ಮಾಗುತ್ತಿರಬೇಕು ಎಂದು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಗಾಯ ಮಾಗುತ್ತಿರಲಿಲ್ಲ. ವಾಸನೆ ಹೆಚ್ಚಾಯಿತು, ಜ್ವರ ಏರಿತು. ದೊಡ್ಡ ಡಾಕ್ಟರು ಹಾಸಿಗೆಯ ಬಳಿ ಬಂದು, ಬೆಳ್ಳಿ ಕೈಕೊಟ್ಟಿತು, ಇನ್ನು ಕಾಯುವುದು ಬೇಡ ಎಂದರು. ಲ್ಯಾಬ್ ಮೇಡಂ ಸುಮ್ಮನಾಗಲಿಲ್ಲ. ಗಾಯದಿಂದ ಬಿಚ್ಚಿದ ಬಟ್ಟೆಯ ಚೂರೊಂದನ್ನೂ ಹೊಸ ಬಟ್ಟೆಯ ಚೂರೊಂದನ್ನೂ ಅದೇ ರೋಗಾಣು ಬೆಳೆಸಿದ್ದ ಗಾಜಿನ ತಟ್ಟೆಯಲ್ಲಿ ಇಟ್ಟು ನೋಡಿದ್ದರು. ಆ ತಟ್ಟೆಯನ್ನೇ ತಂದು ತೋರಿಸಿದರು. ಹೊಸ ಚೂರಿನ ಸುತ್ತ ರೋಗಾಣು ಸತ್ತು ಬಯಲಾಗಿತ್ತು. ಹಳೆಯದರ ಅಂಚಿನವರೆಗೂ ಬೆಳೆದು ನಿಂತಿತ್ತು.

"ಇಷ್ಟು ಬೇಗ ಸಾಯೋ ಬಟ್ಟೆ ಅಲ್ಲ ಇದು ಸರ್" ಎಂದರು ಮೇಡಂ. "ಲ್ಯಾಬಿಂದ ಹೋಗೋವಾಗ ಸರಿ ಇತ್ತು. ಆಮೇಲೆ ಏನಾಯ್ತೋ ನಂಗೆ ಗೊತ್ತಾಗ್ತಿಲ್ಲ."

ಯಾರೂ ಅತ್ತಿಗೆಯ ಕಡೆ ನೋಡಲಿಲ್ಲ. ಅಷ್ಟು ವರ್ಷ ಸೇವೆ ಮಾಡಿದ ಪಟ್ಟಿ ಸಿಸ್ಟರನ್ನು ಅನುಮಾನಿಸುವುದು ಯಾರ ತಲೆಗೂ ಹೊಳೆಯಲಿಲ್ಲ. ಅವರು ಬಾಯಿ ಮುಚ್ಚಿಕೊಂಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕಾಲೂ ಹೋಗುತ್ತಿತ್ತು.

"ನಾನು ಸರ್" ಎಂದರು ಅತ್ತಿಗೆ. "ಉಪ್ಪುನೀರು ಹಾಕ್ದೆ. ಅವನು ಕಿರುಚೋದನ್ನ ಕೇಳಕ್ಕಾಗಲಿಲ್ಲ. ತೊಳೆಯೋದಕ್ಕೆ ಸ್ವಲ್ಪ ಹಾಕಿದ್ರೆ ಏನಾಗುತ್ತೆ ಅಂದ್ಕೊಂಡೆ. ಆಮೇಲೆ ನೆನೆಸೋದಕ್ಕೂ ಅದೇ ಹಾಕ್ದೆ. ಬಟ್ಟೇದೇನೂ ತಪ್ಪಿಲ್ಲ. ಇನ್ನೊಂದು ಸಲ ನೋಡಿ ಸರ್, ಕಾಲು ತೆಗೀಬೇಡಿ."

ನನ್ನ ಮೈಯೆಲ್ಲ ಹೊತ್ತಿ ಉರಿಯಿತು. ವಾರ್ಡು ಎಂದೂ ನೋಡದೆ ಬಾಯಿಗೆ ಬಂದಂತೆ ಬೈದೆ. ಅಕ್ಕನಲ್ಲ, ಶತ್ರು ಎಂದೆ. ಅವರು ತಲೆ ತಗ್ಗಿಸಲಿಲ್ಲ. ದೊಡ್ಡ ಡಾಕ್ಟರು ಬಹಳ ಹೊತ್ತು ಗಾಯ ನೋಡಿದರು. ಸೋಂಕು ಇನ್ನೂ ಮೂಳೆಗೆ ಇಳಿದಿಲ್ಲ, ಮುಂದಿನ ವಾರದ ರೌಂಡಿನವರೆಗೆ ಬಿಡುತ್ತೇನೆ, ಜ್ವರ ಇದಕ್ಕಿಂತ ಏರಿದರೆ ಅವತ್ತೇ ಆಪರೇಷನ್ ಎಂದು ಹೇಳಿ ಹೋದರು. ಬೇರೆ ನರ್ಸ್ ಬೇಕು ಎಂದು ನಾನು ಹಟ ಹಿಡಿದೆ. ಅತ್ತಿಗೆ ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು.

"ಬೇರೆಯವ್ರೂ ಅವನು ಅತ್ರೆ ಕೈ ಹಿಂದಕ್ಕೆ ತಗೋತಾರೆ. ನಾನು ಒಂದು ಸಲ ತಗೊಂಡಿದ್ದೀನಿ. ಏನಾಯ್ತು ಅಂತ ನಂಗೆ ಗೊತ್ತು. ಇನ್ನು ತಗೊಳ್ಳಲ್ಲ. ಆದ್ರೆ ಈ ಕೈಗೆ ಹಳೇ ಚಾಳಿ ಇದೆ. ಅದರ ಮೇಲೆ ನಂಗೇ ನಂಬಿಕೆ ಇಲ್ಲ. ನೀನು ಪಕ್ಕದಲ್ಲಿ ನಿಂತು ನೋಡ್ತಾ ಇರು."

ಹಾಸಿಗೆಯಿಂದ ನಮ್ಮವರೇ, ಅಕ್ಕನೇ ಕಟ್ಟಲಿ, ಹೋಗುವುದು ನನ್ನ ಕಾಲು ತಾನೇ, ಎಂದರು.

ಅಂದಿನಿಂದ ನಾನು ಕಾರಿಡಾರಿಗೆ ಓಡಲಿಲ್ಲ. ಗ್ಲೌಸು ಹಾಕಿಕೊಂಡು ಕಾಲು ಹಿಡಿದು ನಿಂತೆ. ಅತ್ತಿಗೆ ತಮ್ಮ ಟ್ರಾಲಿಯಿಂದ ಉಪ್ಪುನೀರಿನ ಬಾಟಲಿಗಳನ್ನೆಲ್ಲ ತೆಗೆದು ಬೀರುವಿನಲ್ಲಿಟ್ಟರು. ಆದರೂ ಕೈ ಆ ಜಾಗಕ್ಕೇ ಹೋಗುತ್ತಿತ್ತು. ನಾನು ಕೆಮ್ಮುತ್ತಿದ್ದೆ, ಕೈ ವಾಪಸ್ ಬರುತ್ತಿತ್ತು. ರೋಗಾಣು ತನ್ನ ಮೇಲೆ ಲೋಳೆಯ ಹೊದಿಕೆ ಎಳೆದುಕೊಂಡು ಅಡಗಿರುತ್ತದಂತೆ. ಮೊದಲು ಅದನ್ನು ಕೆರೆದು ತೆಗೆಯಬೇಕು. ಆಮೇಲೆ ನೀರು, ಆಮೇಲೆ ಬೆಳ್ಳಿ ಬಟ್ಟೆ. ನಮ್ಮವರು ಡಿಪೋದಲ್ಲಿ ಕಲಿತ ಬೈಗುಳವನ್ನೆಲ್ಲ ಅಕ್ಕನ ಮೇಲೆ ಸುರಿಸಿದರು. ನನಗೇ ಗೊತ್ತಿಲ್ಲದ ಮಾತುಗಳು ಎಷ್ಟೋ ಇದ್ದವು. "ಬೈಯೋ, ಎಷ್ಟು ಬೇಕಾದ್ರೂ ಬೈಯಿ. ಕಾಲು ಮಾತ್ರ ಅಲ್ಲಾಡಿಸ್ಬೇಡ" ಎನ್ನುತ್ತಿದ್ದರು ಅತ್ತಿಗೆ. ಈಗ ಅವರು ಮಾತಿನಲ್ಲಿ ನೋವು ಮರೆಸುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಗಾಯವೊಂದನ್ನೇ ನೋಡುತ್ತಿದ್ದರು. ಪಟ್ಟಿ ಸಿಸ್ಟರಿಗೆ ತಮ್ಮನ ಮೇಲೂ ಕರುಣೆಯಿಲ್ಲ ಎಂದು ವಾರ್ಡಿನಲ್ಲಿ ಗುಸುಗುಸು ಎದ್ದಿತು. ಅತ್ತಿಗೆ ಅದಕ್ಕೆ ಸೊಪ್ಪು ಹಾಕಲಿಲ್ಲ.

ಜ್ವರ ಮೊದಲು ನಿಂತಲ್ಲೇ ನಿಂತಿತು, ಆಮೇಲೆ ಇಳಿಯಿತು. ವಾಸನೆ ಕಡಿಮೆಯಾಯಿತು ಎಂದು ಮೊದಲು ಹೇಳಿದವರು ಪಕ್ಕದ ಹಾಸಿಗೆಯವರು.

ರೌಂಡಿನ ದಿನ ದೊಡ್ಡ ಡಾಕ್ಟರೂ ಲ್ಯಾಬ್ ಮೇಡಮ್ಮೂ ಬಂದಾಗ ಅತ್ತಿಗೆ ಪಟ್ಟಿ ಬಿಚ್ಚಿ, ನೀರಿನ ಬಾಟಲಿ ಕೈಗೆ ತೆಗೆದುಕೊಂಡಿದ್ದರು. ನಾನು ಕಾಲು ಹಿಡಿದಿದ್ದೆ. ಡಾಕ್ಟರು ಬಗ್ಗಿ ಗಾಯದ ಸುತ್ತ ಒತ್ತಿ ನೋಡಿದರು. ಕೀವು ಬರಲಿಲ್ಲ. ತಳದಲ್ಲಿ ಕೆಂಪಗೆ ಹೊಸ ಮಾಂಸ ಕಾಣುತ್ತಿತ್ತು. ಗಾಯದಿಂದ ಹೊಸದಾಗಿ ತೆಗೆದು ಹಾಕಿದ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ಏನೂ ಬೆಳೆದಿಲ್ಲ ಎಂದರು ಮೇಡಂ.

"ಕಾಲು ತೆಗೆಯೋದು ಬೇಡ" ಎಂದರು ಡಾಕ್ಟರು. "ಗಾಯ ಮುಚ್ಚೋವರೆಗೂ ಇದನ್ನೇ ಮುಂದುವರಿಸಿ."

ನಾನು ಕಾಲು ಬಿಡಲಿಲ್ಲ. ನಮ್ಮವರು ನಗುತ್ತಾ ಅಳುತ್ತಾ ಅಕ್ಕನ ಮಣಿಕಟ್ಟು ಹಿಡಿದುಕೊಂಡರು.

"ಅಕ್ಕಾ, ಡಾಕ್ಟ್ರೇ ಹೇಳಿದ್ರಲ್ಲ, ಕಾಲು ಉಳೀತು. ಇವತ್ತೊಂದಿನ ಉಪ್ಪುನೀರು ಹಾಕೇ."

ಅತ್ತಿಗೆಯ ಮುಖದ ಗೆರೆ ಮೊದಲ ಸಲ ಅಲ್ಲಾಡಿತು. ತುಟಿ ಅದುರಿತು, ಕಣ್ಣೀರು ಮಾಸ್ಕಿನೊಳಗೆ ಇಳಿಯಿತು. "ಇಲ್ಲ ಕಣೋ" ಎಂದು ತಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ನನ್ನ ಕಡೆ ನೋಡಿದರು. ನಾನು ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಳುತ್ತಲೇ ನೀರು ಸುರಿದರು.