ಸತ್ತೆವ್ವನ ಹೂಂ

ಸತ್ತೆವ್ವನನ್ನು ನಾನು ಮೊದಲು ಕಂಡದ್ದು ಘೋಡಗೇರಿಗೆ ಸೊಸೆಯಾಗಿ ಬಂದ ಮೂರನೆಯ ದಿನ. ಬಾಜೂ ಮನೆಯ ಕಟ್ಟೆಯ ಮೇಲೆ ಕೂತಿದ್ದಳು, ಹತ್ತು ವರ್ಷದವಳು.

"ನಿನ್ನ ಲಗ್ನ ಆಗೇತೇನ?" ಎಂದೆ.

"ಹೂಂ."

"ಗಂಡಂದಿರು ನಾಕ ಮಂದಿಯೇನ?"

"ಹೂಂ."

ಒಳಗಿಂದ ಅವಳ ತಾಯಿ ಭರಮವ್ವ ನಕ್ಕಳು. "ಹತ್ತ ಅಂದ್ರೂ ಹೂಂ ಅಂತಾಳವಾ. ಹುಟ್ಟಾ ಬುದ್ಧಿ ಕಡಿಮಿ. ಇಲ್ಲ ಅಂದ್ರ ಮಂದಿ ಬಡೀತಾರಂತ ನಾನ ಕಲಿಸೇನಿ, ಹೂಂ ಅನ್ನಾಕ."

ಬುದ್ಧಿ ಕಡಿಮೆಯಾದರೂ ಅವಳು ತಟ್ಟಿದ ಸಗಣಿ ಕುಳ್ಳು ಎಲ್ಲ ಒಂದೇ ಅಳತೆ. ಹೊತ್ತಿಗೆ ಮೂರು ರೊಟ್ಟಿ ಉಣ್ಣುತ್ತಿದ್ದಳು. ಬೀಸುವಾಗ ಏನೋ ಗುನುಗುತ್ತಿದ್ದಳು.

ಸತ್ತೆವ್ವ ದೊಡ್ಡವಳಾದ ಮೇಲೆ, ಮೂವತ್ತೇಳನೆಯ ಇಸವಿ ಶ್ರಾವಣದಲ್ಲಿ ಭರಮವ್ವ ತೀರಿಕೊಂಡಳು. ದೀಪಾವಳಿ ಹೊತ್ತಿಗೆ ಸತ್ತೆವ್ವ ಅರ್ಧ ರೊಟ್ಟಿಗೆ ಬಂದಿದ್ದಳು. ಗುನುಗುವುದು ನಿಂತಿತು. ಕಿವಿ ಮುಚ್ಚಿಕೊಂಡು ಕೂಡುವಳು. ಎರಡು ಸಲ ಬಾವಿಗೆ ಇಳಿಯಹೋದಳು. ಕೇಳಿದರೆ ಹೂಂ ಎನ್ನುವವಳೆಂದು ನಾನು ಏನೂ ಕೇಳಲಿಲ್ಲ. ಅಷ್ಟರಲ್ಲಿ ನಾನು ಗಂಡ ಹೋದವಳು, ಕೂಡಲು ಹೊತ್ತು ಇತ್ತು. ಒಂಬತ್ತು ದಿನ ಬಾಜೂ ಕೂತು ಜೋಳ ಹಸನು ಮಾಡಿದೆ. ಹತ್ತನೆಯ ದಿನ ತಾನೇ ಅಂದಳು: "ಚಿಗವ್ವ, ಅವ್ವ ಬಾವ್ಯಾಗ ಅದಾಳ. ಬಾ ಅಂತಾಳ."

ಇದು ಹುಟ್ಟಿನಿಂದ ಬಂದದ್ದಲ್ಲ, ಈಗ ಬಂದ ಬೇನೆ ಎಂದು ಅವಳ ಅಣ್ಣ ಗುರುಲಿಂಗಪ್ಪನಿಗೆ ಹೇಳಿದೆ.

"ಡಾಕ್ಟರ ಚೀಟಿ ಕೊಟ್ರ ಧಾರವಾಡದ ಹುಚ್ಚರ ದವಾಖಾನಿಗೆ ಸೇರಸ್ತೇನಿ, ಚಿಗವ್ವ. ಇಲ್ಲಂದ್ರ ಕಾಲಿಗೆ ಹಗ್ಗನ. ಹೊಲಾ ಬಿಟ್ಟ ಬಾವಿ ಕಾಯಲೇನ?"

ಯಮಕನಮರಡಿಗೆ ಚಕ್ಕಡಿ ಹೂಡಿದೆವು. ಅಲ್ಲಿಗೆ ತಿಂಗಳಿಗೊಮ್ಮೆ ಒಬ್ಬ ಡಾಕ್ಟರು ಬರುತ್ತಿದ್ದರು.

"ಹುಟ್ಟಾ ಹಿಂಗ ಏನವಾ?"

"ಬುದ್ಧಿ ಹುಟ್ಟಾ ಹಿಂಗ್ರಿ. ಉಣ್ಣೂದು ಬಿಟ್ಟದ್ದು ಶ್ರಾವಣದಿಂದ. ಮೂರ ರೊಟ್ಟಿ ಉಣ್ಣಾಕಿ ಈಗ…"

"ತಡಿ, ಆಕೀನ್ನ ಕೇಳ್ತೇನಿ. ಯಾರರೆ ಕರದಂಗ ಕೇಳತೈತೇನ?"

"ಹೂಂ," ಎಂದಳು ಸತ್ತೆವ್ವ.

"ಯಾರೂ ಕರಿಯೂದಿಲ್ಲ, ಹೌದಲ್ಲ?"

"ಹೂಂ."

ಡಾಕ್ಟರು ನಕ್ಕರು. ಗುರುಲಿಂಗಪ್ಪನೂ ನಕ್ಕ. "ಹುಟ್ಟಿದಂಗ ಐತಿ. ಇದಕ್ಕ ಔಷಧ ಇಲ್ಲ."

"ಒಂಬತ್ತ ದಿನ ಬಾಜೂ ಕುಂತ್ರ ತಾನ ಹೇಳ್ತಾಳ್ರಿ," ಎಂದೆ.

"ಹೊರಗ ಇಪ್ಪತ್ತ ಮಂದಿ ಕುಂತಾರವಾ."

ಚೀಟಿ ಬರೆಯಲಿಲ್ಲ.

ಮನೆಗೆ ಬಂದೊಡನೆ ಗುರುಲಿಂಗಪ್ಪ ಅವಳ ಕಾಲಿಗೆ ಹಗ್ಗ ಹಾಕಿ ಎತ್ತಿನ ಗೂಟಕ್ಕೆ ಕಟ್ಟಿದ. ಆಮೇಲೆ ಹದಿನೇಳು ದಿನ ಬದುಕಿದ್ದಳು. ರೊಟ್ಟಿಗೂ ಬಾಯಿ ತೆರೆಯಲಿಲ್ಲ, ಮಾತಿಗೂ ತೆರೆಯಲಿಲ್ಲ. ಮಾತಾಡಿದ್ದು ಆ ಮೊದಲ ದಿನ ಮಾತ್ರ. ಅಣ್ಣ ಗಂಟು ಬಿಗಿಯುವಾಗ ನನ್ನ ಸೆರಗು ಹಿಡಿದು ಕೇಳಿದಳು:

"ಚಿಗವ್ವ, ನಾ ಎಲ್ಲಾದಕ್ಕೂ ಹೂಂ ಅಂದ್ನೆಲ್ಲ?"